ಬೆನ್ನು ಹತ್ತಿ ಬಂದ ಗಣಪ

ಬೆನ್ನು ಎನ್ನುವುದು ಹೆಸರಿಗೆ ಮಾತ್ರ ನಮ್ಮದು. ಹೊತ್ತು ತಿರುಗುವ ಕಷ್ಟ ನಮಗೆ, ನೋಡುವ ಅಧಿಕಾರ ಊರಿನವರಿಗೆ. ಅಂಗಿಗೆ ಸುಣ್ಣ ಮೆತ್ತಿಕೊಂಡಿದ್ದರೆ ಮೊದಲು ಗೊತ್ತಾಗುವುದು ಬಸ್ಸಿನಲ್ಲಿ ಹಿಂದೆ ನಿಂತವನಿಗೆ. ತಟ್ಟುವವರು, ಚೂರಿ ಹಾಕುವವರು, ಹಿಂದಿನಿಂದ ಆಡಿಕೊಳ್ಳುವವರು, ಎಲ್ಲರಿಗೂ ಅದು ಸಾರ್ವಜನಿಕ ಆಸ್ತಿ. ತುರಿಕೆ ಬಂದಾಗ ಮಾತ್ರ ಅದು ನಮ್ಮ ಸ್ವಂತದ್ದಾಗುತ್ತದೆ, ಆಗಲೂ ಕೈಗೆ ಎಟುಕುವುದಿಲ್ಲ. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ನಾನು ದಾವಣಗೆರೆಯ ಶಾಲೆಯಲ್ಲಿ ವಿಸ್ತರಿಸಿ ಬರೆದು ಮೇಷ್ಟರಿಂದ ಭೇಷ್ ಎನ್ನಿಸಿಕೊಂಡಿದ್ದೆ. ಅದೇ ಗಾದೆ ಮುಂದೊಂದು ದಿನ ಉಗುರು, ಬಾಲ, ಸೊಂಡಿಲುಗಳ ಸಮೇತ ನನ್ನ ಮೇಲೇ ಬಂದು ಕೂರುತ್ತದೆ ಎಂದು ಮೇಷ್ಟರಿಗೂ ಹೊಳೆದಿರಲಾರದು.

ನನಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ರಾಜಾಜಿನಗರದ ಬಾಡಿಗೆ ಮನೆಯ ನಡುಮನೆಯಲ್ಲಿ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಚಾಪೆ ಹಾಸಿಕೊಂಡು ಅಂಗಾತ ಮಲಗುವುದು. ಕೈಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ, ತಿರುಗುವ ಫ್ಯಾನನ್ನು ನೋಡುತ್ತ ನೋಡುತ್ತ ನಿದ್ದೆಗೆ ಜಾರುವುದು. ವಾರವೆಲ್ಲ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮಷೀನಿನ ಮುಂದೆ ಬಗ್ಗಿ ನಿಲ್ಲುವವನಿಗೆ ಇದಕ್ಕಿಂತ ಬೇರೆ ಕೈಲಾಸ ಯಾವುದು? ನಾನು ಮಲಗಿದರೆ ಅವ್ವ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಅವಳು ಹಗಲು ಮಲಗುತ್ತಿರಲಿಲ್ಲ. ಅಪ್ಪ ತೀರಿಕೊಂಡು ಅವಳು ನಮ್ಮಲ್ಲಿಗೆ ಬಂದಾಗಿನಿಂದ ಒಂದೇ ಕನಸು ಅವಳನ್ನು ಕಾಡುತ್ತಿತ್ತು. ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಟ್ರಂಕು ಹಿಡಿದು ಬಸ್ಸು ಹತ್ತುತ್ತಾನೆ, ಇವಳು ಕೂಗುತ್ತಾಳೆ, ಗಂಟಲಿನಿಂದ ದನಿ ಬರುವುದಿಲ್ಲ, ಅವನು ತಿರುಗಿ ನೋಡುವುದಿಲ್ಲ. ಕಣ್ಣು ಮುಚ್ಚಿದರೆ ಸಾಕು, ಆ ಬಸ್ಸು ಬಂದು ನಿಲ್ಲುತ್ತದೆ ಎನ್ನುತ್ತಿದ್ದಳು. ರಾತ್ರಿಯಾದರೆ ವಿಧಿಯಿಲ್ಲ, ಹಗಲೂ ಯಾಕೆ ಆ ಬಸ್ಸಿಗೆ ಕಾಯಬೇಕು ಎಂದು ಅಕ್ಕಿ ಹಿಡಿದು ಕೂರುತ್ತಿದ್ದಳು. ನಮ್ಮ ಮನೆಯ ಅನ್ನದಲ್ಲಿ ಯಾರಿಗೂ ಕಲ್ಲು ಸಿಕ್ಕಿದ್ದಿಲ್ಲ.

ಇಂಥ ನೆಮ್ಮದಿಯ ಸಂಸಾರಿಯನ್ನು ಕಾರ್ಖಾನೆಯವರು ಹೊಸ ಮಷೀನು ಕಲಿತು ಬಾ ಎಂದು ಜಪಾನಿಗೆ ಕಳಿಸಿದರು. ಸಮುದ್ರದ ಪಕ್ಕದ ಒಂದು ಊರು. ಕಲಿಸಿದವರು ಮೋರಿ ಎಂಬ ಎಂಜಿನಿಯರು, ತಪ್ಪು ಮಾಡಿದರೂ ತಲೆಬಾಗಿ ನಮಸ್ಕರಿಸಿಯೇ ಬೈಯುವ ಸಜ್ಜನರು. ಕೆಲಸಕ್ಕೇನೂ ತೊಂದರೆಯಿರಲಿಲ್ಲ. ತೊಂದರೆ ಶುರುವಾದದ್ದು ಗೌರಿ ಹಬ್ಬ ಹತ್ತಿರ ಬಂದಾಗ. ಹುಟ್ಟಿದಾಗಿನಿಂದ ಕಡುಬಿಲ್ಲದ ಗಣಪತಿ ಹಬ್ಬವನ್ನು ನಾನು ಕಂಡವನಲ್ಲ. ಅಲ್ಲಿ ಹಬ್ಬದ ಸುಳಿವೇ ಇಲ್ಲ, ನನ್ನ ಮುಂದೆ ಇದ್ದದ್ದು ಅನ್ನ ಮತ್ತು ಉಪ್ಪಿನಲ್ಲಿ ಹಾಕಿದ ಮೂಲಂಗಿ. ಮನಸ್ಸು ತಡೆಯದೆ ಬೀದಿ ಅಲೆಯುತ್ತಿದ್ದಾಗ ಒಂದು ಸಂದಿಯಲ್ಲಿ ಒಬ್ಬ ಮುದುಕರ ಮನೆಯ ಬಾಗಿಲು ತೆರೆದಿತ್ತು. ಒಳಗೆ ಗೋಡೆ ತುಂಬ ಚಿತ್ರಗಳು. ಜಲಪಾತ ಹತ್ತುತ್ತಿರುವ ಒಂದು ಮೀನು. ಹತ್ತಿ ಮುಗಿಸಿದರೆ ಅದು ರೆಕ್ಕೆಯಿಲ್ಲದೆ ಹಾರುವ ಮಹಾಸರ್ಪವಾಗುತ್ತದಂತೆ, ಪಕ್ಕದ ಚಿತ್ರದಲ್ಲಿ ಆಗಿಯೂ ಇತ್ತು. ದಾಸವಾಳಕ್ಕಿಂತ ದೊಡ್ಡ ಹೂವುಗಳ ನಡುವೆ ಗುಂಗುರು ಕೂದಲಿನ ಸಿಂಹ. ಮೊಳದುದ್ದ ಮೂಗಿನ, ರೆಕ್ಕೆಯಿರುವ ಒಬ್ಬ ಕೆಂಪು ಮುಖದವನು, ಥೇಟ್ ರಜೆ ಕೇಳಿದಾಗಿನ ನಮ್ಮ ಫೋರ್‌ಮನ್. ಇವರೆಲ್ಲರ ನಡುವೆ, ಮೋಡದೊಳಗಿಂದ ಮುಖ ಹೊರಹಾಕಿ, ಸೊಂಡಿಲು ಎತ್ತಿ ನನ್ನನ್ನೇ ನೋಡುತ್ತಿದ್ದ ಗಣಪ.

ಪರದೇಶದಲ್ಲಿ ನಮ್ಮೂರಿನವರು ಸಿಕ್ಕಾಗ ಆಗುವ ಸಂಭ್ರಮ ನಿಮಗೆ ಗೊತ್ತಿರಬಹುದು. ನನಗಂತೂ ಕಣ್ಣಲ್ಲಿ ನೀರು ಬಂತು. ಕೈ ಮುಗಿದೆ. ಮುದುಕರೂ ಕೈ ಮುಗಿದರು. ಅವರು ಹಚ್ಚೆ ಹಾಕುವವರು ಎಂದು ಆಮೇಲೆ ತಿಳಿಯಿತು. ಬಿದಿರಿನ ಕಡ್ಡಿಯ ತುದಿಗೆ ಸಾಲಾಗಿ ಕಟ್ಟಿದ ಸೂಜಿಗಳನ್ನು ತೋರಿಸಿದರು. ನನಗೆ ನಮ್ಮಜ್ಜಿಯ ಮೊಣಕೈವರೆಗಿನ ಹಚ್ಚೆ ನೆನಪಾಯಿತು. ಸತ್ತಾಗ ಮೈಮೇಲಿನ ಬಂಗಾರವನ್ನು ಸೊಸೆಯಂದಿರು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯನ್ನು ಯಾರು ಬಿಚ್ಚಿಕೊಳ್ಳುತ್ತಾರೆ ನೋಡೋಣ ಎನ್ನುತ್ತಿದ್ದಳು ಆಕೆ. ನಾನೂ ತೋಳು ಚಾಚಿದೆ, ಹೆಬ್ಬೆರಳು ತೋರಿಸಿ ಇಷ್ಟು ಚಿಕ್ಕದು ಸಾಕು ಎಂದೆ. ಮುದುಕರು ತಲೆಯಾಡಿಸಿ, ತೋಳು ಬೇಡ, ಅಂಗಿಯೊಳಗೆ ಇರಬೇಕು ಎಂದು ಸನ್ನೆ ಮಾಡಿ ನನ್ನನ್ನು ಬೋರಲು ಮಲಗಿಸಿದರು. ಹೆಬ್ಬೆರಳಿನ ಮಾತನ್ನು ಅವರು ಮೆಚ್ಚುಗೆ ಎಂದು ತಿಳಿದಿರಬೇಕು. ಹಲವು ಭಾನುವಾರ ಕೆಂಜಿಗದ ಗೂಡಿನ ಮೇಲೆ ಮಲಗಿದಂತೆ ಮಲಗಿದೆ. ಮುಗಿದಾಗ ನನ್ನ ಗಣಪ ಊಟದ ತಟ್ಟೆಯಷ್ಟು ಅಗಲವಾಗಿದ್ದ.

ಗಾಯ ಮಾಗಿದ ಮೇಲೆ ಎಂದಿನಂತೆ ಬೀದಿಯ ಸ್ನಾನದ ಮನೆಗೆ ಹೋದೆ. ಅಲ್ಲಿ ಎಲ್ಲರೂ ಒಂದೇ ಬಿಸಿನೀರಿನ ತೊಟ್ಟಿಯಲ್ಲಿ ಕೂರುವ ಪದ್ಧತಿ. ನಾನು ಅಂಗಿ ತೆಗೆದು ಇಳಿದೊಡನೆ ಉಳಿದವರು ಒಬ್ಬೊಬ್ಬರಾಗಿ ಎದ್ದು ದಾರಿ ಬಿಟ್ಟರು. ಎಷ್ಟು ಭಕ್ತಿಯ ಜನ ಎಂದು ನನಗೆ ಸಂತೋಷವಾಯಿತು. ಮಾಲೀಕರು ಬಂದು ಹಣ ವಾಪಸು ಕೊಟ್ಟು ಬಾಗಿಲು ತೋರಿಸಿದಾಗಲೂ ದೇವರಿಗೆ ಪುಕ್ಕಟೆ ಎಂದುಕೊಂಡೆ. ಆ ದೇಶದಲ್ಲಿ ಮೈತುಂಬ ಹಚ್ಚೆಯಿದ್ದವನನ್ನು ಪೇಟೆ ರೌಡಿ ಎಂದು ತಿಳಿಯುತ್ತಾರೆ ಎನ್ನುವುದನ್ನು ನಮ್ಮ ಲಾಡ್ಜಿನ ಅಡುಗೆಯವನು ಕತ್ತು ಕೊಯ್ಯುವ ಸನ್ನೆ ಮಾಡಿ ತಿಳಿಸಿಕೊಟ್ಟ. ಅಂದಿನಿಂದ ವಿಮಾನ ಹತ್ತುವವರೆಗೆ ಮೋರಿಯವರ ಮುಂದೆ ಕತ್ತಿನ ಗುಂಡಿಯನ್ನೂ ಬಿಚ್ಚಲಿಲ್ಲ.

ಮನೆಯಲ್ಲಿ ಹೆಂಡತಿ ಗಿರಿಜಾ ಮೊದಲು ನೋಡಿದಳು. ಹತ್ತಿರ ಬಂದು ಬೆರಳಿನಿಂದ ಸವರಿ ನೋಡಿದಳು. ಆಮೇಲೆ, ಗಣಪತಿಗೆ ಯಾಕ್ರೀ ಗುಂಗುರು ಕೂದಲು ಎಂದು ಕೇಳಿದಳು. ನನಗೆ ಗೊತ್ತಿದ್ದರೆ ತಾನೆ? ಎರಡು ಕನ್ನಡಿ ಹಿಡಿದು ಕತ್ತು ತಿರುಚಿ ನೋಡಿದೆ. ಒಂದು ಕಿವಿ, ಅರ್ಧ ಸೊಂಡಿಲು ಕಂಡು ಕತ್ತು ಹಿಡಿದುಕೊಂಡಿತು. ಕೊನೆಗೆ ಫೋಟೋ ಸ್ಟುಡಿಯೋಕ್ಕೆ ಹೋಗಿ, ಅಂಗಿ ಬಿಚ್ಚಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತೆ. ಕಪ್ಪು ಬಟ್ಟೆಯೊಳಗಿಂದ ಫೋಟೋಗ್ರಾಫರ್ ಅಭ್ಯಾಸಬಲದಿಂದ, ಸ್ವಲ್ಪ ನಗಿ ಸಾರ್ ಎಂದ. ನಾನೂ ನಕ್ಕೆ. ಫೋಟೋ ಬಂತು. ಸೊಂಡಿಲು ಇತ್ತು, ನಿಜ. ಅದರ ಜೊತೆಗೆ ಹುಲಿಯ ಉಗುರಿದ್ದ ನಾಲ್ಕು ಕಾಲು, ಎತ್ತಿನ ಬಾಲ, ಮೈಮೇಲೆ ಸುಳಿಸುಳಿ ಕೂದಲು. ಹೊಟ್ಟೆ ಇರಲಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಇದು ಅವರಪ್ಪನೂ ಆಗಿರಲಿಲ್ಲ. ಆದರೂ ಜಪಾನಿನ ಗಣಪ ಜಪಾನಿನ ಹಾಗೇ ಇರುತ್ತಾನೆ, ಅಲ್ಲಿಯ ಚಳಿಗೆ ಕೂದಲು ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವ್ವನಿಂದ ಮುಚ್ಚಿಡಬಹುದಿತ್ತು, ದೀಪಾವಳಿ ಬರದಿದ್ದರೆ. ನರಕ ಚತುರ್ದಶಿಯ ಬೆಳಿಗ್ಗೆ ಮಗನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಒತ್ತುವುದು ಅವ್ವನ ಹಕ್ಕು, ಅದನ್ನು ಗಿರಿಜಾಗೂ ಬಿಟ್ಟುಕೊಟ್ಟವಳಲ್ಲ. ಬನಿಯನ್ ತೆಗೆಯಲೇಬೇಕಾಯಿತು. ಎಣ್ಣೆಯ ಕೈ ಬೆನ್ನ ಮೇಲೆ ಬೀಳಲಿಲ್ಲ. ತಿರುಗಿ ನೋಡಿದರೆ ಅವ್ವ ಬಟ್ಟಲು ಕೆಳಗಿಟ್ಟು ಸೆರಗು ಹೊದ್ದು ಕೈ ಮುಗಿದು ನಿಂತಿದ್ದಳು. ಅವಳಿಗೆ ಒಂದು ಸಂಶಯವೂ ಬರಲಿಲ್ಲ. ಗಿರಿಜಾ ಬಾಲದ ಮಾತೆತ್ತಿದಾಗ, ಅದು ಇಲಿಯ ಬಾಲ, ಇಲಿ ಹಿಂದೆ ಅಡಗಿದೆ ಎಂದಳು. ಉಗುರುಗಳ ಬಗ್ಗೆ ಕೇಳಿದರೆ, ಆ ದೇಶದಲ್ಲಿ ಕತ್ತರಿಸೋರು ಇರಲಿಕ್ಕಿಲ್ಲ ಎಂದಳು. ಆಮೇಲೆ ನನ್ನನ್ನು ಕೂರಿಸಿಕೊಂಡು ಕಾನೂನು ಓದಿದಳು.

"ನೋಡು ಬಸಣ್ಣ, ಎದಿ ಮ್ಯಾಲೆ ಲಿಂಗ ಐತಿ, ಬೆನ್ನಿನ ಮ್ಯಾಲೆ ಲಿಂಗಪ್ಪನ ಮಗ ಬಂದು ಕುಂತಾನ. ಇನ್ ಮ್ಯಾಲೆ ಮೈ ಚೆಲ್ಲಿ ಬಿದ್ಕಳಂಗಿಲ್ಲ. ದೇವರನ್ನ ಕೆಳಗ ಹಾಕ್ಕೊಂಡು ಮಲಗಿದ್ರೆ ಮನಿಗೆ ಒಳ್ಳೇದಲ್ಲ."

ಹೀಗೆ ಮುಂದೆ ಅಪ್ಪ, ಹಿಂದೆ ಮಗ, ನಡುವೆ ನಾನು ಸಿಕ್ಕಿಹಾಕಿಕೊಂಡೆ. ಬೋರಲು ಮಲಗಿದರೆ ಲಿಂಗದ ಮೇಲೆ ಭಾರ, ಅಂಗಾತ ಮಲಗಿದರೆ ಗಣಪನ ಮೇಲೆ ಭಾರ. ಉಳಿದದ್ದು ಮಗ್ಗುಲು. ಎಡಮಗ್ಗುಲಿಗೆ ಕೈ ಜೋಮು ಹಿಡಿಯುತ್ತದೆ, ಬಲಮಗ್ಗುಲಿಗೆ ಹೊರಳಬೇಕೆಂದರೆ ಅಂಗಾತದ ಮೂಲಕವೇ ಹಾಯಬೇಕು, ಆದ್ದರಿಂದ ಎದ್ದು ಕೂತು ಮಗ್ಗುಲು ಬದಲಿಸಿ ಮತ್ತೆ ಮಲಗಬೇಕು. ಅಷ್ಟರಲ್ಲಿ ನಿದ್ದೆ ಹಾರಿಹೋಗಿರುತ್ತದೆ. ಕ್ಯಾನ್ವಾಸಿನ ಆರಾಮ ಕುರ್ಚಿಯನ್ನು ಅವ್ವ ಮಡಚಿ ಅಟ್ಟಕ್ಕೆ ಹಾಕಿಸಿದಳು, ಬದಲಿಗೆ ಒಂದು ಸ್ಟೂಲು ಕೊಟ್ಟಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಒರಗುವಂತಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು, ಇಳಿಯಲು ಸಿದ್ಧನಾದವನ ಹಾಗೆ ನೆಟ್ಟಗೆ ಕೂರುತ್ತಿದ್ದೆ, ಕಂಡಕ್ಟರು ಪ್ರತಿ ಸ್ಟಾಪಿನಲ್ಲೂ ನನ್ನ ಮುಖ ನೋಡಿ ಸೀಟಿ ಊದುತ್ತಿದ್ದ. ಸಿನಿಮಾಕ್ಕೆ ಹೋಗುವುದನ್ನೇ ಬಿಟ್ಟೆವು. ಹಿಂದಿನವರು ತಲೆ ತಗ್ಗಿಸಿ ಅಂದಾಗ ಏನೆಂದು ವಿವರಿಸುವುದು? ನನಗೆ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಒಂದು ಚಡಪಡಿಕೆ ಹತ್ತಿಕೊಂಡಿತು. ಊಟದ ನಡುವೆ ಎದ್ದು ಓಡಾಡುತ್ತಿದ್ದೆ. ಗಿರಿಜಾ ಏನು ಮಾತಾಡಿದರೂ ರೇಗುತ್ತಿದ್ದೆ. ಕಾರ್ಖಾನೆಯಲ್ಲಿ ಹುಡುಗರು, ಏನ್ ಗುರು, ಮೂಲವ್ಯಾಧಿನಾ ಎಂದು ವಿಚಾರಿಸಿದರು.

ಸುದ್ದಿ ಮನೆಯ ಮಾಲೀಕರಾದ ನಂಜೇಗೌಡರಿಗೂ ಮುಟ್ಟಿತು. ಹೇರೋಹಳ್ಳಿಯ ಹಳೆಯ ಒಕ್ಕಲು ಮನೆತನ. ಹೊಲಗಳು ಸೈಟುಗಳಾದ ಮೇಲೆ ರಾಜಾಜಿನಗರದಲ್ಲಿ ಮನೆ ಕಟ್ಟಿಸಿ ಕೆಳಗೆ ತಾವು, ಮೇಲೆ ನಮ್ಮನ್ನು ಇಟ್ಟಿದ್ದರು. ಅವರು ನೋಡಿ, ಇದು ದೇವಸ್ಥಾನದ ಕಂಬದ ಮೇಲಿರುವ ಯಾಳಿಯ ತರಹ ಇದೆಯಲ್ಲ ಎಂದು ಒಮ್ಮೆ ಅನುಮಾನಿಸಿದರು. ಅವ್ವ ಒಂದು ನೋಟ ನೋಡಿದಳು. ಗೌಡರು ತಕ್ಷಣ ಚಪ್ಪಲಿ ಬಿಟ್ಟರು. ಮುಂದಿನ ವಾರ ಹೇರೋಹಳ್ಳಿಯ ಸೈಟಿನಲ್ಲಿ ಬಾವಿ ತೋಡಿಸುವ ಪೂಜೆಗೆ ಕರೆಯಲು ಬಂದಾಗ ನನ್ನ ಕಡೆ ನೋಡಲೂ ಇಲ್ಲ, ಅವ್ವನಿಗೆ ಹೇಳಿದರು, ಬೆನ್ನನ್ನ ಒಂದಿನ ಕಳಿಸಿಕೊಡಿ ತಾಯಿ ಎಂದು. ಬೆನ್ನಿನ ಜೊತೆ ನಾನೂ ಹೋಗಬೇಕಾಯಿತು. ಮಾಗಡಿ ರಸ್ತೆಯ ಗುಂಡಿಗಳಲ್ಲಿ ಗೌಡರ ಲಾರಿ ನೆಗೆದಾಗಲೆಲ್ಲ ಗಣಪನಿಗೆ ಪೆಟ್ಟಾಗದಂತೆ ನಿಂತೇ ಇದ್ದೆ. ಸೈಟಿನಲ್ಲಿ ಪೂಜೆಯೆಲ್ಲ ನನ್ನ ಹಿಂದೆ ನಡೆಯಿತು. ನಾನು ಬೇಲಿಯಾಚೆ ಮೇಯುತ್ತಿದ್ದ ಎಮ್ಮೆಯನ್ನು ನೋಡುತ್ತ ನಿಂತಿದ್ದೆ, ಅದು ನನ್ನನ್ನು. ಬಾವಿಯಲ್ಲಿ ನೀರು ಬಂದೇಬಿಟ್ಟಿತು. ಅಂದಿನಿಂದ ನನ್ನ ಬೆನ್ನಿಗೆ ನನಗಿಂತ ಹೆಚ್ಚು ಮರ್ಯಾದೆ.

ಇಷ್ಟೆಲ್ಲದರ ನಡುವೆ ಅವ್ವ ಮಾತ್ರ ಚೆನ್ನಾಗಿದ್ದಳು. ಭಾನುವಾರ ಊಟವಾದೊಡನೆ ನಾನು ಬರಿಮೈಯಲ್ಲಿ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಪೇಪರು ಹಿಡಿದು ಕೂರುವುದು, ಅವಳು ನನ್ನ ಹಿಂದೆ ನನ್ನದೇ ಚಾಪೆ ಹಾಸಿಕೊಂಡು ಮಲಗುವುದು. ಬಸ್ಸು ಬರುವುದು ನಿಂತಿದೆ ಎಂದು ಗಿರಿಜಾಳ ಹತ್ತಿರ ಹೇಳಿದ್ದಳಂತೆ. ಅವಳ ಗೊರಕೆ ಕೇಳುತ್ತ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ನಿದ್ದೆ ನನ್ನ ಕಣ್ಣ ಮುಂದೆ, ಅಲ್ಲ, ಬೆನ್ನ ಹಿಂದೆ ಕಳುವಾಗುತ್ತಿತ್ತು.

ಹೀಗಿರುವಾಗ ಹೊಸ ಮಷೀನು ಕೂರಿಸಲು ಮೋರಿಯವರೇ ಬೆಂಗಳೂರಿಗೆ ಬಂದರು. ಊಟಕ್ಕೆ ಕರೆಯದಿದ್ದರೆ ಹೇಗೆ? ಭಾನುವಾರ ಬಂದರು. ಗಿರಿಜಾ ಬೆಣ್ಣೆ ದೋಸೆ ಹಾಕಿದಳು, ಅವರು ಕೈಯಲ್ಲೇ ತಿಂದು, ಪ್ರತಿ ದೋಸೆಗೂ ಒಮ್ಮೆ ತಲೆಬಾಗಿದರು. ಎಲ್ಲ ಸುಸೂತ್ರವಾಗಿ ಮುಗಿಯುತ್ತಿದೆ ಎನ್ನುವಷ್ಟರಲ್ಲಿ ಅವ್ವ, ಅವರ ದೇಶದ ದೇವರಲ್ಲವಾ, ಅವರಿಗೆ ದರ್ಶನ ಮಾಡಿಸು ಎಂದಳು. ನಾನು ಆಗುವುದಿಲ್ಲ ಎಂದೆ. ಹೊಟ್ಟೆ ಸರಿಯಿಲ್ಲ ಎಂದೆ. ಅವ್ವ ಹಿಂದಿನಿಂದ ಬಂದು ಅಂಗಿ ಎತ್ತಿಯೇಬಿಟ್ಟಳು.

ನನಗೆ ಎಂದಿನಂತೆ ಗೋಡೆ ಮಾತ್ರ ಕಾಣುತ್ತಿತ್ತು. ಇಷ್ಟು ದಿನ ರೌಡಿಗೆ ಮಷೀನು ಕಲಿಸಿದೆನಲ್ಲ ಎಂದು ಅವರು ಎದ್ದು ಹೋಗುತ್ತಾರೆ, ನಾಳೆ ಮ್ಯಾನೇಜರಿಗೆ ಹೇಳುತ್ತಾರೆ, ನನ್ನ ಕೆಲಸಕ್ಕೆ ಸಂಚಕಾರ ಎಂದುಕೊಂಡು ಬೆವರಿದೆ. ಮೋರಿಯವರು ಮೆಲ್ಲಗೆ, ಯಾರು ಹಾಕಿದ್ದು ಎಂದು ಕೇಳಿದರು. ಸಂದಿಯ ಮುದುಕರು ಎಂದೆ. ಕೆಲಸ ಬಹಳ ಚೆನ್ನಾಗಿದೆ, ಆದರೆ ಇದನ್ನೇ ಯಾಕೆ ಆರಿಸಿಕೊಂಡಿರಿ ಎಂದರು. ನಮ್ಮಿಬ್ಬರ ಇಂಗ್ಲಿಷೂ ಬೇರೆ ಬೇರೆ ಕಡೆ ಮುರಿದಿದ್ದರಿಂದ ಗಣಪತಿಯ ವಿಷಯ ತಿಳಿಸಲು ಕ್ಯಾಲೆಂಡರು ಇಳಿಸಿ ತೋರಿಸಬೇಕಾಯಿತು. ಅವರು ಕ್ಯಾಲೆಂಡರು ನೋಡಿದರು, ನನ್ನ ಬೆನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆಯುತ್ತಿದ್ದರು ಎಂದು ಗಿರಿಜಾ ಆಮೇಲೆ ಹೇಳಿದಳು.

ಅದು ದೇವರಲ್ಲವಂತೆ. ಬಾಕು ಎಂಬ ಪ್ರಾಣಿಯಂತೆ. ಬ್ರಹ್ಮ ಬೇರೆ ಪ್ರಾಣಿಗಳನ್ನೆಲ್ಲ ಮಾಡಿ ಮುಗಿಸಿ ಉಳಿದ ಚೂರುಪಾರುಗಳನ್ನು ಸೇರಿಸಿ ಮಾಡಿದ್ದು ಎಂಬ ಅರ್ಥದಲ್ಲಿ ಏನೋ ಹೇಳಿದರು. ಆನೆಯ ಸೊಂಡಿಲು, ಹುಲಿಯ ಕಾಲು, ಎತ್ತಿನ ಬಾಲ. ಅದರ ಆಹಾರ ಕೆಟ್ಟ ಕನಸು. ಅವರ ಊರಿನಲ್ಲಿ ಮಕ್ಕಳು ಬೆಚ್ಚಿ ಎದ್ದರೆ, ಬಾಕು ಬಾ, ನನ್ನ ಕನಸು ತಿನ್ನು ಎಂದು ಕರೆಯುತ್ತಾರಂತೆ. ಆದರೆ ಹುಷಾರು, ಅದಕ್ಕೆ ಹೊಟ್ಟೆ ತುಂಬದಿದ್ದರೆ ಕೆಟ್ಟ ಕನಸಿನ ಜೊತೆಗೆ ಮನುಷ್ಯನ ಆಸೆಗಳನ್ನೂ ತಿಂದುಬಿಡುತ್ತದೆ ಎಂದು ಅವರಜ್ಜಿ ಹೇಳುತ್ತಿದ್ದರಂತೆ. ಇಷ್ಟು ಹೇಳಿ, ಕಾರ್ಖಾನೆಯಲ್ಲಿ ಯಾರಿಗೂ ಹೇಳುವುದಿಲ್ಲ ಎಂದು ನನ್ನ ಬೆನ್ನಿಗೆ, ಅಂದರೆ ನನಗೆ, ಮಾತು ಕೊಟ್ಟು ಹೊರಟರು.

ಅವ್ವ ಬಾಗಿಲಲ್ಲೇ ನಿಂತಿದ್ದಳು. ಏನಂದರು ಎಂದು ಕೇಳಿದಳು. ನಾನು ಕುಣಿಯುತ್ತ ಹೇಳಿದೆ. ಗಣಪ ಅಲ್ಲ, ಅದು ಕನಸು ತಿನ್ನುವ ಪ್ರಾಣಿ ಎಂದೆ. ಅದರ ಮೇಲೆ ಮಲಗಿದರೆ ಯಾವ ದೋಷವೂ ಇಲ್ಲ ಎಂದೆ. ಅವ್ವ ಚಾಪೆಯ ಕಡೆ ಒಮ್ಮೆ ನೋಡಿದಳು.

"ಹಂಗಾದ್ರೆ ನಿನ್ ಬೆನ್ನು ನಿನಗಾತು ಬಿಡು. ಮಲಕ್ಕೋ ಹೋಗು," ಎಂದಳು.

ಆಹಾ, ಆ ಮಧ್ಯಾಹ್ನವನ್ನು ಏನೆಂದು ವರ್ಣಿಸಲಿ. ಚಾಪೆ, ಫ್ಯಾನು, ನಾಲ್ಕು ದಿಕ್ಕಿಗೆ ಕೈಕಾಲು. ಆರಾಮ ಕುರ್ಚಿ ಅಟ್ಟದಿಂದ ಇಳಿಯಿತು. ಬಸ್ಸಿನಲ್ಲಿ ಸೀಟಿಗೆ ಒರಗಿ ನಿದ್ದೆ ಹೋಗಿ ಎರಡು ಸ್ಟಾಪು ಮುಂದೆ ಇಳಿದರೂ ಸಂತೋಷವೇ. ನಂಜೇಗೌಡರಿಗೆ ವಿಷಯ ತಿಳಿಸಿದರೆ, ಅದೇನಾರ ಆಗ್ಲಿ ಸಾರ್, ನೀರಂತೂ ಬಂತಲ್ಲ ಎಂದು ಕೈ ತೊಳೆದುಕೊಂಡರು. ನಾನು ಮತ್ತೆ ಮನುಷ್ಯನಾದೆ. ಗಿರಿಜಾಳ ಜೊತೆ ನಗುತ್ತ ಮಾತಾಡಿದೆ.

ಕೆಲವು ಭಾನುವಾರಗಳ ನಂತರ, ಫ್ಯಾನು ನೋಡುತ್ತ ಇನ್ನೇನು ಜಾರಬೇಕು ಎನ್ನುವಾಗ ಗಿರಿಜಾ ಬಂದು ಪಕ್ಕದಲ್ಲಿ ಕೂತಳು.

"ಅತ್ತೆ ಮತ್ತೆ ಅಕ್ಕಿ ಹಿಡ್ಕೊಂಡು ಕೂತಿದಾರೆ, ನೋಡಿದ್ರಾ?" ಎಂದಳು. "ಆ ಅಕ್ಕೀನ ಬೆಳಿಗ್ಗೆನೇ ಆರಿಸಿಟ್ಟಿದೀನಿ ನಾನು. ಅದ್ರಲ್ಲಿ ಕಲ್ಲೇ ಇಲ್ಲ."

ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ನೋಡಿದೆ. ಅಡುಗೆಮನೆಯ ಹೊಸ್ತಿಲ ಹತ್ತಿರ ಅವ್ವ ಮೊರದ ಮೇಲೆ ಬಗ್ಗಿ ಇಲ್ಲದ ಕಲ್ಲನ್ನು ಹುಡುಕುತ್ತಿದ್ದಳು. ಕಣ್ಣು ಎಳೆದಾಗಲೆಲ್ಲ ತಲೆ ಕೊಡವಿ ಮತ್ತೆ ಬಗ್ಗುತ್ತಿದ್ದಳು. ಬಸ್ಸು ಮತ್ತೆ ಬರತೊಡಗಿದೆ ಎಂದು ಅವಳು ನನಗೆ ಹೇಳಿರಲಿಲ್ಲ. ನನ್ನ ಬೆನ್ನನ್ನು ನನಗೆ ಬಿಟ್ಟುಕೊಟ್ಟು ಸುಮ್ಮನಾಗಿದ್ದಳು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಜಪಾನಿನ ಪ್ರಾಣಿಗೆ ದಾವಣಗೆರೆಯ ಬಸ್ಸು ಹೇಗೆ ಗೊತ್ತಾಗುತ್ತದೆ, ಇದೆಲ್ಲ ಮನಸ್ಸಿನ ಭ್ರಮೆ ಎಂದು ನಾನು ಯಾರಿಗೆ ಬೇಕಾದರೂ ವಾದಿಸಿ ಹೇಳಬಲ್ಲೆ. ಮೊರ ಹಿಡಿದು ತೂಕಡಿಸುವವಳಿಗೆ ಮಾತ್ರ ಹೇಳಲಾರೆ.

ಎದ್ದೆ. ಏನು ಸೆಕೆ ಎಂದು ಯಾರಿಗೋ ಹೇಳುವಂತೆ ಹೇಳಿ ಬನಿಯನ್ ತೆಗೆದೆ. ಸ್ಟೂಲು ಎಳೆದು ಗೋಡೆಗೆ ಮುಖ ಮಾಡಿ ಕೂತು ಪೇಪರು ಬಿಡಿಸಿದೆ. ಹಿಂದೆ ಮೊರ ಕೆಳಗಿಟ್ಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಚಾಪೆ ಎಳೆದ ಸದ್ದು. ಧನ್ಯವಾದವೋ, ಆಶೀರ್ವಾದವೋ ಏನಾದರೂ ಬರಬಹುದೆಂದು ಕಿವಿಗೊಟ್ಟು ಕೂತಿದ್ದೆ.

"ಬಸಣ್ಣ, ಒಂಚೂರು ಈ ಕಡಿಗೆ ಸರಿ," ಎಂದಳು ಅವ್ವ.

ಸರಿದೆ. ಇದನ್ನು ಬರೆಯುತ್ತಿರುವುದೂ ಅದೇ ಸ್ಟೂಲಿನ ಮೇಲೆ, ಅದೇ ಗೋಡೆಯ ಮುಂದೆ, ನೆಟ್ಟಗೆ ಕೂತು. ಹಿಂದೆ ಅವ್ವ ಗೊರಕೆ ಹೊಡೆಯುತ್ತಿದ್ದಾಳೆ. ಮಧ್ಯಾಹ್ನ ಕೆಲಸವಿಲ್ಲ ಎಂದು ಗಿರಿಜಾಳೂ ಅವಳ ಪಕ್ಕ ಚಾಪೆ ಹಾಕಿಕೊಂಡಿದ್ದಾಳೆ, ಅವಳಿಗೆ ಯಾವ ಕೆಟ್ಟ ಕನಸಿತ್ತೋ ನಾನು ಕೇಳಿಲ್ಲ. ಮೋರಿಯವರ ಅಜ್ಜಿ ಹೇಳಿದ್ದರಲ್ಲಿ ಸುಳ್ಳಿಲ್ಲ. ಈ ಪ್ರಾಣಿ ಅವ್ವನ ಕನಸನ್ನು ಊಟ ಮಾಡುವಾಗ, ಅಂಗಾತ ಮಲಗಬೇಕೆಂಬ ನನ್ನ ಒಂದೇ ಒಂದು ಆಸೆಯನ್ನು ಉಪ್ಪಿನಕಾಯಿಯ ಹಾಗೆ ನಂಚಿಕೊಂಡುಬಿಟ್ಟಿದೆ.